ಅಕ್ಕ ಹೊಡೆದ ಹಿಮದ ಕಾರ್ಡುಗಳು

ಅಕ್ಕ ತೀರಿಕೊಂಡು ಹತ್ತು ತಿಂಗಳಾಯಿತು. ಎಸ್ಸೆಸ್ಸೆಲ್ಸಿ ಮುಗಿಸಿ ಟೈಪಿಂಗಿನಲ್ಲಿ ಲೋಯರ್ ಪಾಸು ಮಾಡಿದ್ದೇ ನನ್ನ ಓದು. ಊರಿನ ನೆಂಟರಿಗೆ ಕಾಗದ ಹಾಕುವುದು ಬಿಟ್ಟರೆ ಬೇರೇನನ್ನೂ ಬರೆದವಳಲ್ಲ. ಆದರೂ ಇದನ್ನು ಬರೆಯಬೇಕೆನಿಸಿದೆ. ಅಕ್ಕನ ತಿಥಿಗೆ ಬಂದವರೆಲ್ಲ ಹೋಗುವಾಗ ನನ್ನ ಕೈ ಹಿಡಿದು, "ನೀನು ಚೆನ್ನಾಗಿ ನೋಡ್ಕೊಂಡೆ ಬಿಡಮ್ಮ, ಯಾವ ತಂಗೀರು ಹೀಗೆ ಮಾಡ್ತಾರೆ" ಎಂದರು. ನಾನು ತಲೆಯಾಡಿಸಿದೆ. ಸುಮ್ಮನಿದ್ದು ಒಳ್ಳೆಯವಳೆನಿಸಿಕೊಳ್ಳುವುದು ನನಗೆ ಅದೇ ಮೊದಲಲ್ಲ.

ನಮ್ಮದು ಸಾರಕ್ಕಿ. ಕೆರೆಯ ಹಿಂದೆ ಅಪ್ಪನಿಗೆ ಇದ್ದ ಹೊಲ ಲೇಔಟಿಗೆ ಹೋದ ಮೇಲೆ ಮನೆ, ಬಾವಿ, ಬಾವಿಯ ಪಕ್ಕ ಸೊಪ್ಪು ಬೆಳೆಯುವಷ್ಟು ಜಾಗ ಉಳಿದಿತ್ತು. ಅಪ್ಪ ಬೆಳಿಗ್ಗೆ ದಂಟು, ಕೊತ್ತಂಬರಿ ಕಟ್ಟು ಮಾಡಿಕೊಂಡು ಜಯನಗರ ನಾಲ್ಕನೇ ಬ್ಲಾಕಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಎಂಬತ್ತರ ದಶಕ ಶುರುವಾದ ಹೊತ್ತಿಗೆ ನಾವಿಬ್ಬರು ಅಕ್ಕತಂಗಿಯರೂ ಅದೇ ನಾಲ್ಕನೇ ಬ್ಲಾಕಿಗೆ ಕೆಲಸಕ್ಕೆ ಹೋಗತೊಡಗಿದೆವು. ಶಾಪಿಂಗ್ ಕಾಂಪ್ಲೆಕ್ಸಿನ ಹಿಂದಿನ ರಸ್ತೆಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ, ಒಂದು ಪಂಚಿಂಗ್ ಸೆಂಟರ್ ಇತ್ತು. ಕಂಪ್ಯೂಟರ್ ಇದ್ದ ಕಚೇರಿಗಳು ತಮ್ಮ ಲೆಕ್ಕಪತ್ರವನ್ನು ಅಲ್ಲಿಗೆ ಕಳಿಸುತ್ತಿದ್ದವು. ನಾವು ಅದನ್ನು ದಪ್ಪ ಕಾಗದದ ಕಾರ್ಡುಗಳ ಮೇಲೆ ತೂತುಗಳಾಗಿ ಹೊಡೆದು ಕೊಡಬೇಕು. ಎಂಟು ಜನ ಹೆಂಗಸರು, ಎಂಟು ಯಂತ್ರ. ಸಂಜೆ ಮನೆಗೆ ಹೋದರೆ ತಲೆಕೂದಲಲ್ಲಿ, ಸೀರೆಯ ನೆರಿಗೆಯಲ್ಲಿ ಸಾಸಿವೆಯಷ್ಟು ಕಾಗದದ ಚೂರುಗಳು ಸಿಗುತ್ತಿದ್ದವು.

ಕೆಲಸದ ಕ್ರಮ ಹೀಗಿತ್ತು. ಒಬ್ಬಳು ಹಾಳೆ ನೋಡಿ ಕಾರ್ಡು ಹೊಡೆಯುತ್ತಾಳೆ. ಹೊಡೆದ ಕಾರ್ಡುಗಳು ಇನ್ನೊಬ್ಬಳ ಹತ್ತಿರ ಹೋಗುತ್ತವೆ. ಅವಳದು ವೆರಿಫೈಯರ್ ಯಂತ್ರ. ಅದು ತೂತು ಮಾಡುವುದಿಲ್ಲ. ಅವಳು ಅದೇ ಹಾಳೆಯನ್ನು ನೋಡಿ ಅದೇ ಅಂಕಿಗಳನ್ನು ಮತ್ತೆ ಒತ್ತುತ್ತಾಳೆ. ಇಬ್ಬರ ಅಂಕಿಯೂ ಒಂದೇ ಆದರೆ ಕಾರ್ಡು ಮುಂದೆ ಹೋಗುತ್ತದೆ, ಕೊನೆಯಲ್ಲಿ ಅದರ ಬಲ ಅಂಚಿಗೆ ಒಂದು ಸಣ್ಣ ಕಚ್ಚು ಬೀಳುತ್ತದೆ. ಬೇರೆಯಾದರೆ ಕೀಲಿಗಳು ಬಿಗಿದುಕೊಂಡು ಕೆಂಪು ದೀಪ ಹತ್ತುತ್ತದೆ. ಆಗ ಹಾಳೆಯನ್ನು ಮತ್ತೆ ನೋಡಬೇಕು. ತಪ್ಪು ಹೊಡೆದವಳದೇ ಆಗಿದ್ದರೆ ಕಾರ್ಡನ್ನು ಅವಳಿಗೆ ವಾಪಸು ಕೊಡಬೇಕು. ಹೊಡೆದವಳು ವೆರಿಫೈ ಮಾಡುವಂತಿಲ್ಲ ಎನ್ನುವುದೊಂದೇ ಅಲ್ಲಿನ ಕಟ್ಟುನಿಟ್ಟಾದ ನಿಯಮ. ಬ್ಯಾಚಿನ ಚೀಟಿಯಲ್ಲಿ ಇಬ್ಬರೂ ಸಹಿ ಹಾಕಬೇಕು.

ಅಕ್ಕ ಹೊಡೆಯುತ್ತಿದ್ದಳು, ನಾನು ವೆರಿಫೈ ಮಾಡುತ್ತಿದ್ದೆ. ಅವಳ ಕೆಲಸಕ್ಕೆ ಕೆಂಪು ದೀಪ ಹತ್ತುವುದು ಅಪರೂಪ. ಹತ್ತಿದರೆ ನೂರಕ್ಕೆ ತೊಂಬತ್ತು ಪಾಲು ನನ್ನದೇ ಬೆರಳು ಜಾರಿರುತ್ತಿತ್ತು. ಹಾಗಾಗಿ ನನಗೊಂದು ಅಭ್ಯಾಸ ಬಿದ್ದಿತು. ದೀಪ ಹತ್ತಿದಾಗ ಹಾಳೆಯ ಕಡೆ ತಿರುಗುವ ಬದಲು, ಬಗ್ಗಿ ಕಾರ್ಡಿನ ಮೇಲಂಚಿನಲ್ಲಿ ಅಚ್ಚಾಗಿರುವ ಅಂಕಿಯನ್ನು ನೋಡಿ ಅದನ್ನೇ ಒತ್ತಿಬಿಡುವುದು. ಯಂತ್ರ ಒಪ್ಪಿಕೊಂಡು ಮುಂದೆ ಹೋಗುತ್ತಿತ್ತು. ಬೇರೆಯವರೂ ಒಮ್ಮೊಮ್ಮೆ ಹಾಗೆ ಮಾಡುತ್ತಿದ್ದರು, ಅದಕ್ಕೆ ನಮ್ಮಲ್ಲಿ 'ಕನ್ನಡಿ ಹೊಡೆಯೋದು' ಎನ್ನುತ್ತಿದ್ದರು. ಸೆಂಟರಿನಲ್ಲಿ ನನ್ನಷ್ಟು ಬೇಗ ವೆರಿಫೈ ಮಾಡುವವರು ಯಾರೂ ಇರಲಿಲ್ಲ. "ನಿನ್ನ ಕೈ ಅಲ್ಲ ಕಣೆ, ಮಿಕ್ಸಿ" ಎಂದು ಹೊಗಳುತ್ತಿದ್ದರು. ನಾನು ಹಿಗ್ಗುತ್ತಿದ್ದೆ.

ಹಿಮದ ಕೆಲಸ ಬಂದದ್ದು ಒಂದು ಸಂಶೋಧನಾ ಸಂಸ್ಥೆಯಿಂದ. ಅಲ್ಲಿನ ವಿಜ್ಞಾನಿಯೊಬ್ಬರು ಸ್ಕೂಟರಿನ ಹಿಂದೆ ರಟ್ಟಿನ ಪೆಟ್ಟಿಗೆ ಕಟ್ಟಿಕೊಂಡು ತಾವೇ ಬಂದರು. ಮೂವತ್ತರ ಆಸುಪಾಸಿನವರು, ಗಡ್ಡ, ಮಾತಿಗೊಮ್ಮೆ "ಅಂದ್ರೆ ಏನಪ್ಪಾ ಅಂದ್ರೆ" ಎನ್ನುವವರು. ಪರದೇಶದ ಉಪಗ್ರಹವೊಂದು ದಕ್ಷಿಣ ಧ್ರುವದ ಹಿಮದ ಮೇಲೆ ಹಾದುಹೋಗುತ್ತಾ ಎತ್ತರ ಅಳೆದಿತ್ತಂತೆ. ಆ ಅಂಕಿಗಳ ಟೇಪು ಹಡಗಿನಲ್ಲಿ ಬರುವಾಗ ಹಾಳಾಗಿತ್ತು. ಇನ್ನೊಂದು ಕೇಳಿ ಬರೆದರೆ ಎಷ್ಟು ಕಾಲವೋ. ಜೊತೆಗೆ ಬಂದಿದ್ದ ಅಚ್ಚಿನ ಹಾಳೆಗಳು ಮಾತ್ರ ಸರಿಯಾಗಿದ್ದವು. ಅಷ್ಟನ್ನೂ ಕಾರ್ಡಿಗೆ ಹೊಡೆಯಬೇಕಿತ್ತು.

ನಮಗೆ ಅದುವರೆಗೆ ಬಂದಿದ್ದದ್ದು ಕಾರ್ಖಾನೆಗಳ ಸಂಬಳದ ಪಟ್ಟಿ, ಗೋಡೌನಿನ ಸಾಮಾನಿನ ಪಟ್ಟಿ. ಇದೇನು ಎಂದು ಯಾರೂ ಕೇಳಲಿಲ್ಲ. ಅಕ್ಕ ಕೇಳಿದಳು.

"ಸಾರ್, ಅಷ್ಟು ಮೇಲಿಂದ ಎತ್ತರ ಹೆಂಗೆ ಗೊತ್ತಾಗುತ್ತೆ?"

ಅವರು ಹೇಳಿದ್ದನ್ನು ಅಕ್ಕ ಸಂಜೆ ಮನೆಯಲ್ಲಿ ಅಪ್ಪನಿಗೆ ಹೇಳಿದಳು. ನಾನು ಬಾವಿಕಟ್ಟೆಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದೆ. "ಬಾವಿಗೆ ಕಲ್ಲು ಹಾಕಿದ್ರೆ ಸದ್ದು ಬೇಗ ಬಂತಾ ತಡವಾಗಿ ಬಂತಾ ಅಂತ ನೋಡಿ ನೀರು ಎಷ್ಟು ಕೆಳಗಿದೆ ಅಂತೀವಲ್ಲಪ್ಪ, ಹಂಗೆ. ಅದು ಮೇಲಿಂದ ರೇಡಿಯೋ ಸದ್ದು ಬಿಡುತ್ತೆ. ಹಿಮಕ್ಕೆ ತಾಗಿ ವಾಪಸ್ ಬರೋಕೆ ಎಷ್ಟು ಹೊತ್ತಾಯ್ತು ಅಂತ ನೋಡುತ್ತೆ. ಆ ಉಪಗ್ರಹ ಹೋಗ್ತಾ ಒಂದು ದಾರಿ, ಬರ್ತಾ ಒಂದು ದಾರಿ. ಎರಡು ದಾರಿ ಅಡ್ಡ ಹಾಯೋ ಜಾಗ ಇರುತ್ತಲ್ಲ, ಅಲ್ಲಿ ಆವತ್ತು ಎಷ್ಟು ಎತ್ತರ ಇತ್ತು, ಇವತ್ತು ಎಷ್ಟಿದೆ ಅಂತ ಕಳೀತಾರೆ. ಹಿಮ ಬೆಳೀತಾ ಇದೆಯೋ ಕರಗ್ತಾ ಇದೆಯೋ ಗೊತ್ತಾಗುತ್ತೆ."

ಅಪ್ಪ ಬೀಡಿ ಆರಿಸಿ ಕೇಳಿದರು, "ಅಲ್ಲೂ ಲೇಔಟ್ ಮಾಡ್ತಾರಾ?"

"ಅಯ್ಯೋ, ಅಲ್ಲಿ ಜನಾನೇ ಇಲ್ಲಪ್ಪ."

"ಮತ್ತೆ ಯಾಕೆ ಅಳೀತಾರೆ? ಅಳೆಯೋಕೆ ಬಂದ್ರು ಅಂದ್ರೆ ಕಿತ್ಕೊಳ್ಳೋಕೆ ಬಂದ್ರು ಅಂತಾನೇ ಕಣಮ್ಮ."

ಅಕ್ಕ ನಕ್ಕಳು. ಆದರೆ ಅವಳು ಅದನ್ನು ಅಲ್ಲಿಗೆ ಬಿಡಲಿಲ್ಲ. ವಿಜ್ಞಾನಿಗಳು ಬಂದಾಗಲೆಲ್ಲ ಏನಾದರೊಂದು ಕೇಳುತ್ತಿದ್ದಳು. ಹಾಳೆಯಲ್ಲಿ ಒಂದು ದಿನ ಸಮುದ್ರದ ನೀರಿನ ಅಂಕಿ ಹಿಮದ ಅಂಕಿಗಳ ನಡುವೆ ಸೇರಿಕೊಂಡಿದ್ದನ್ನು ಅವಳೇ ಹಿಡಿದಳು. "ಇಲ್ಲಿ ಇದ್ದಕ್ಕಿದ್ದಂತೆ ಇಷ್ಟು ಇಳಿಯೋಕಾಗಲ್ಲ ಅಲ್ವಾ ಸಾರ್?" ಎಂದಾಗ ಅವರು ಹಾಳೆಯನ್ನು ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಸೆಂಟರಿನ ಯಜಮಾನರಿಗೆ ಕೇಳುವಂತೆಯೇ ಹೇಳಿದರು: ತಮ್ಮಲ್ಲಿ ಡೇಟಾ ಅಸಿಸ್ಟೆಂಟ್ ಎಂದು ಒಂದು ಪೋಸ್ಟ್ ಬರಲಿದೆ, ಕಾಯಂ ಕೆಲಸ, ಡಿಗ್ರಿ ಬೇಡ. ಈ ಹಾಳೆಗಳೆಲ್ಲ ತಪ್ಪಿಲ್ಲದೆ ಮುಗಿದರೆ ತಾವೇ ಶಿಫಾರಸು ಮಾಡುತ್ತಾರೆ.

ಅವತ್ತಿನಿಂದ ಸೆಂಟರಿನಲ್ಲಿ ಅಕ್ಕನಿಗೆ 'ಐಸ್ ಮೇಡಂ' ಎಂದು ಹೆಸರಾಯಿತು.

"ಐಸ್ ಮೇಡಂ, ಧ್ರುವಕ್ಕೆ ಯಾವಾಗ ಹೊರಟ್ರಿ? ಸ್ವೆಟರ್ ಹೆಣೆಸ್ಕೊಳ್ರಿ."

"ನನ್ನ ಕಳಿಸಲ್ವಂತೆ ಕಣ್ರೇ, ನಿಮ್ಮಂಥ ಬಿಸಿ ಬಿಸಿ ಮಾತಾಡೋರನ್ನ ಕಳಿಸಿದ್ರೆ ಹಿಮ ಬೇಗ ಕರಗುತ್ತಂತೆ, ಅಳತೆ ಸುಲಭ ಅಂತೆ."

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಇಲ್ಲಿಂದ ಮುಂದಿನದನ್ನು ಬರೆಯುವುದು ಕಷ್ಟ. ಅವಳು ಅಲ್ಲಿಗೆ ಹೋಗಿಬಿಟ್ಟರೆ ಈ ಮಹಡಿಯ ಕೋಣೆಯಲ್ಲಿ ಸಂಬಳದ ಪಟ್ಟಿ ಒತ್ತಿಕೊಂಡು ನಾನೊಬ್ಬಳೇ ಉಳಿಯುತ್ತೇನೆ ಎನ್ನುವುದು ನನ್ನ ಮನಸ್ಸಿನಲ್ಲಿ ಆಗಲೇ ಕೂತಿತ್ತು. ನಮ್ಮಿಬ್ಬರ ಮಾರ್ಕ್ಸೂ ಹೆಚ್ಚುಕಡಿಮೆ ಒಂದೇ. ನನ್ನ ಕೈ ಅವಳಿಗಿಂತ ಬೇಗ. ಆದರೂ ವಿಜ್ಞಾನಿಗಳು ನನ್ನನ್ನು ನೋಡಿದ್ದು, "ತಂಗೀನಾ? ಸರಿ ಸರಿ" ಎಂದಷ್ಟೇ. ನಾನು ಏನನ್ನೂ ಕೇಳಿರಲಿಲ್ಲವಲ್ಲ, ಅವರಾದರೂ ಯಾಕೆ ನೋಡಬೇಕು ಎಂದು ಈಗ ತಿಳಿಯುತ್ತದೆ. ಆಗ ಉರಿಯಿತು.

ಆ ಹಾಳೆಗಳಲ್ಲಿ ಒಂದು ತೊಡಕಿತ್ತು. ಒಂದು ಸಾಲಿನ ಅಂಕಿಗಳು ಎರಡು ಹಾಳೆಗಳಲ್ಲಿ ಹಂಚಿಹೋಗಿದ್ದವು. ಎಡಗಡೆ ಹಾಳೆಯಲ್ಲಿ ದಿನ, ಹೊತ್ತು, ಜಾಗ. ಬಲಗಡೆ ಹಾಳೆಯಲ್ಲಿ ಎತ್ತರ. ಎರಡನ್ನೂ ಅಕ್ಕಪಕ್ಕ ಇಟ್ಟು, ಸಾಲಿನ ಕೆಳಗೆ ಮರದ ಸ್ಕೇಲು ಅಡ್ಡ ಇಟ್ಟುಕೊಂಡು, ಒಂದೊಂದೇ ಸಾಲು ಜಾರಿಸುತ್ತಾ ಹೊಡೆಯಬೇಕು. ಒಂದು ಮಧ್ಯಾಹ್ನ ಅಕ್ಕ ಹಾಳೆಯ ನಡುವೆ ಇದ್ದಾಗ ಕರೆಂಟು ಹೋಯಿತು. ಆಗೆಲ್ಲ ಅದು ದಿನವೂ ಇದ್ದದ್ದೇ. ಎಲ್ಲರೂ ಕೆಳಗಿಳಿದು ಕಾಫಿ ಕುಡಿದು ಬಂದೆವು. ಕರೆಂಟು ಬಂದ ಮೇಲೆ ಅವಳು ಸ್ಕೇಲನ್ನು ಮತ್ತೆ ಇಟ್ಟಾಗ ಬಲಗಡೆ ಹಾಳೆ ಒಂದು ಸಾಲು ಮೇಲಕ್ಕೆ ಸರಿದಿತ್ತು. ಅಲ್ಲಿಂದ ಆ ಹಾಳೆ ಮುಗಿಯುವವರೆಗೆ ಪ್ರತಿ ಜಾಗಕ್ಕೂ ಅದರ ಮುಂದಿನ ಜಾಗದ ಎತ್ತರ ಬಿದ್ದಿತು. ಹಿಮದ ಅಂಚಿನ ಇಳಿಜಾರು ಅದು. ಒಂದು ಸಾಲಿಗೂ ಮುಂದಿನ ಸಾಲಿಗೂ ಬಹಳ ವ್ಯತ್ಯಾಸ.

ಆ ಕಾರ್ಡುಗಳು ಮರುದಿನ ಮಧ್ಯಾಹ್ನ ನನ್ನ ಯಂತ್ರಕ್ಕೆ ಬಂದವು. ಮೊದಲ ಅರ್ಧ ಸಲೀಸಾಗಿ ಹೋಯಿತು. ಆಮೇಲೆ ಕೆಂಪು ದೀಪ ಹತ್ತಿತು. ಬಗ್ಗಿ ನೋಡಿ ಕಾರ್ಡಿನ ಅಂಕಿಯನ್ನೇ ಒತ್ತಿದೆ. ಮುಂದಿನ ಕಾರ್ಡು, ಮತ್ತೆ ಕೆಂಪು. ಅದರ ಮುಂದಿನದೂ ಕೆಂಪು. ನಾಲ್ಕನೆಯದಕ್ಕೋ ಐದನೆಯದಕ್ಕೋ ನನಗೆ ತಿಳಿಯಿತು. ಹಾಳೆಯ ಕಡೆ ತಿರುಗಿ ನೋಡಿದೆ. ಒಂದು ಸಾಲು ಜಾರಿದೆ ಎಂದು ಒಂದೇ ನೋಟಕ್ಕೆ ಕಾಣಿಸಿತು.

ನಾನು ಎದ್ದು ಎರಡು ಹೆಜ್ಜೆ ನಡೆದು, "ಅಕ್ಕ, ಇದು ಜಾರಿದೆ ನೋಡು" ಎಂದಿದ್ದರೆ ಅರ್ಧ ಗಂಟೆಯ ಕೆಲಸ. ಅವಳು ನಾಲಿಗೆ ಕಚ್ಚಿಕೊಂಡು ಮತ್ತೆ ಹೊಡೆದುಕೊಡುತ್ತಿದ್ದಳು. ನಾನು ಏಳಲಿಲ್ಲ. ಸಂಜೆಯ ಬಸ್ಸಿಗೆ ತಡವಾಗುತ್ತದೆ ಎಂದು ಸುಮ್ಮನಾದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ನಾವು ಮನೆಗೆ ನಡೆದೇ ಹೋಗುತ್ತಿದ್ದೆವು. ಅವಳೂ ಒಂದು ಸಲ ತಪ್ಪು ಮಾಡಲಿ ಎಂದು ಆ ಗಳಿಗೆಯಲ್ಲಿ ಅನಿಸಿತ್ತು. ಇಷ್ಟೇ ನಿಜ. ಇದರಿಂದ ಏನಾಗಬಹುದು ಎಂದು ಯೋಚಿಸಲಿಲ್ಲ ಎನ್ನುವುದು ಕೂಡ ನಿಜವೇ, ಆದರೆ ಅದು ಮೊದಲನೆಯದನ್ನು ಅಳಿಸುವುದಿಲ್ಲ. ಹಾಳೆ ಮುಗಿಯುವವರೆಗೂ ಪ್ರತಿ ಕಾರ್ಡಿಗೂ ದೀಪ ಹತ್ತಿತು. ಪ್ರತಿ ಸಲವೂ ಬಗ್ಗಿ ನೋಡಿ ಕಾರ್ಡಿನಲ್ಲಿದ್ದದ್ದನ್ನೇ ಒತ್ತಿದೆ. ಎಲ್ಲ ಕಾರ್ಡುಗಳಿಗೂ ಬಲ ಅಂಚಿನಲ್ಲಿ ಕಚ್ಚು ಬಿದ್ದಿತು. ಚೀಟಿಯಲ್ಲಿ ಸಹಿ ಹಾಕಿದೆ.

ಎರಡು ಮೂರು ತಿಂಗಳು ಏನೂ ಆಗಲಿಲ್ಲ. ಕೆಲಸ ಇನ್ನೇನು ಮುಗಿಯುವುದರಲ್ಲಿತ್ತು. ಅಪ್ಪ ಮಾರ್ಕೆಟ್ಟಿನಲ್ಲಿ ಎಲ್ಲರಿಗೂ, "ನಮ್ಮ ದೊಡ್ಡವಳು ಸೈಂಟಿಸ್ಟ್ ಆಫೀಸಿಗೆ ಹೋಗ್ತಾಳೆ" ಎಂದು ಹೇಳಿಕೊಂಡು ಬಂದಿದ್ದರು. ಒಂದು ಬೆಳಿಗ್ಗೆ ವಿಜ್ಞಾನಿಗಳು ಮೆಟ್ಟಿಲು ಹತ್ತಿ ಬಂದು, ಯಾರನ್ನೂ ಮಾತಾಡಿಸದೆ, ಕಾರ್ಡಿನ ಕಟ್ಟೊಂದನ್ನು ಯಜಮಾನರ ಮೇಜಿನ ಮೇಲೆ ಇಟ್ಟರು.

ಆಗಿದ್ದು ಇಷ್ಟು. ಎರಡು ದಾರಿ ಅಡ್ಡ ಹಾಯುವ ಒಂದು ಜಾಗದಲ್ಲಿ ಹಿಮ ಕೆಲವೇ ವಾರಗಳಲ್ಲಿ ತೆಂಗಿನಮರದಷ್ಟು ಕುಸಿದಿದೆ ಎಂದು ಲೆಕ್ಕ ತೋರಿಸಿತು. ಅವರು ಅದನ್ನು ನಂಬಿ ಒಂದು ಸಭೆಯಲ್ಲಿ ಓದಿದರು. ಹಿರಿಯರೊಬ್ಬರು ಎದ್ದು, ಇದು ಸಾಧ್ಯವೇ, ಮೂಲದ ಹಾಳೆ ನೋಡಿದ್ದೀರಾ ಎಂದು ಎಲ್ಲರೆದುರು ಕೇಳಿದರು. ವಾಪಸು ಬಂದು ಹಾಳೆ ತೆಗೆದು ನೋಡಿದರೆ ಹಿಮ ಇದ್ದಲ್ಲೇ ಇತ್ತು.

ಯಜಮಾನರು ನಶ್ಯದ ಡಬ್ಬಿ ಮುಚ್ಚಿಟ್ಟು ಎಲ್ಲರನ್ನೂ ನಿಲ್ಲಿಸಿದರು.

"ಯಾರಮ್ಮ ಹೊಡೆದಿದ್ದು ಇದನ್ನ?"

"ನಾನೇ ಸಾರ್" ಎಂದಳು ಅಕ್ಕ.

"ಹೊಡೆಯೋರು ತಪ್ಪು ಮಾಡ್ತಾರೆ, ಮನುಷ್ಯರು. ಅದಕ್ಕೇ ಅಲ್ವಾ ವೆರಿಫೈ ಇಟ್ಟಿರೋದು? ಇಲ್ಲಿ ತಂಗಿ ಸಹಿ ಇದೆ." ಅವರು ನನ್ನ ಕಡೆ ತಿರುಗಿದರು. "ಏನಮ್ಮ, ನಿದ್ದೆ ಮಾಡ್ತಿದ್ದೆಯಾ? ಒಂದು ಕಾರ್ಡಲ್ಲ, ಅರ್ಧ ಹಾಳೆ!"

ಅಷ್ಟರಲ್ಲಿ ಅಕ್ಕ ಹೇಳಿದಳು, "ಅವಳಲ್ಲ ಸಾರ್. ಆವಾಗ ಅವಳಿಗೆ ಮದ್ರಾಸ್ ಐ. ಕಣ್ಣು ಬಿಡೋಕಾಗ್ತಿರ್ಲಿಲ್ಲ. ನಾನೇ ವೆರಿಫೈ ಮಾಡಿ ಅವಳ ಸಹಿ ಹಾಕ್ದೆ."

ನನಗೆ ಮದ್ರಾಸ್ ಐ ಬಂದಿದ್ದು ನಿಜ, ಆದರೆ ಅದಕ್ಕೆ ಹದಿನೈದು ದಿನ ಮೊದಲು. ಸೆಂಟರಿನಲ್ಲಿ ಅರ್ಧ ಜನಕ್ಕೆ ಬಂದಿತ್ತು. ಯಾರಿಗೆ ಯಾವತ್ತು ಎಂದು ಯಾರಿಗೆ ನೆನಪಿರುತ್ತದೆ?

"ನೀನೇ ಬರೆದು ನೀನೇ ತಿದ್ದಿ ನೀನೇ ಮಾರ್ಕ್ಸ್ ಹಾಕ್ಕೊಂಡೆ ಅನ್ನು" ಎಂದರು ಯಜಮಾನರು. "ಬೇರೆಯವಳ ಸಹಿ ಬೇರೆ! ನಿನ್ನಿಂದ ಇದನ್ನ ನಿರೀಕ್ಷೆ ಮಾಡಿರ್ಲಿಲ್ಲಮ್ಮ."

ವಿಜ್ಞಾನಿಗಳು ಅಕ್ಕನನ್ನು ಬೈಯಲಿಲ್ಲ. "ನೀವು ಹೇಳ್ಬಹುದಿತ್ತು" ಎಂದರು, ಅಷ್ಟೆ. ಅಕ್ಕ ನೆಲ ನೋಡುತ್ತಾ ನಿಂತಿದ್ದಳು. ನಾನು ಅವಳ ಪಕ್ಕದಲ್ಲೇ, ಸೀರೆ ತಾಗುವಷ್ಟು ಹತ್ತಿರದಲ್ಲೇ ನಿಂತಿದ್ದೆ. ಉಳಿದ ಪೆಟ್ಟಿಗೆಗಳನ್ನು ಅವರು ಅವತ್ತೇ ಸ್ಕೂಟರಿಗೆ ಕಟ್ಟಿಕೊಂಡು ಹೋದರು.

ಸಂಜೆ ನಾಲ್ಕನೇ ಬ್ಲಾಕಿನಿಂದ ಸಾರಕ್ಕಿಗೆ ನಡೆಯುವಾಗ ಅರ್ಧ ದಾರಿಯಲ್ಲಿ ಅಕ್ಕ ಕೇಳಿದಳು.

"ಎಷ್ಟು ಸಲ ಕೆಂಪು ಬಂತೇ?"

"ಒಂದೆರಡು ಸಲ."

ಅವಳು ನಿಂತು ನನ್ನನ್ನು ನೋಡಿದಳು. ಕಚ್ಚು ಬಿದ್ದ ಕಾರ್ಡು ಎಂದರೇನು ಎಂದು ಅವಳಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ. ಒಂದೊಂದು ಅಂಕಿಯನ್ನೂ ಯಾರೋ ಎರಡನೆಯ ಸಲ ತಪ್ಪಾಗಿಯೇ ಒತ್ತದಿದ್ದರೆ ಆ ಕಚ್ಚು ಬೀಳುವುದಿಲ್ಲ.

"ಹೋಗ್ಲಿ ಬಿಡು" ಎಂದಳು. "ಇಬ್ಬರ ಕೆಲಸಾನೂ ಹೋದ್ರೆ ಮನೆ ನಡೆಯಲ್ಲ. ಅಪ್ಪಂಗೆ ಹೇಳ್ಬೇಡ, ಬಂದು ಯಜಮಾನ್ರ ಹತ್ರ ಜಗಳ ಆಡ್ತಾರೆ. ಪೋಸ್ಟ್ ಬರ್ಲಿಲ್ಲ ಅಂದ್ರಾಯ್ತು."

ಅಪ್ಪನಿಗೆ ಹಾಗೆಯೇ ಹೇಳಿದೆವು. ಅಪ್ಪ ಹಿಮವನ್ನು, ಸರ್ಕಾರವನ್ನು, ಸೈಂಟಿಸ್ಟರ ಗಡ್ಡವನ್ನು ಸೇರಿಸಿ ಬೈದು ಸುಮ್ಮನಾದರು.

ಯಜಮಾನರು ಅಕ್ಕನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಅಲ್ಲಿಂದ ಮುಂದೆ ಅವಳಿಗೆ ಸಂಬಳದ ಪಟ್ಟಿ ಬಿಟ್ಟು ಬೇರೇನೂ ಕೊಡಲಿಲ್ಲ. ನನ್ನ ಯಂತ್ರವನ್ನು ಇನ್ನೊಬ್ಬಳ ಪಕ್ಕಕ್ಕೆ ಹಾಕಿದರು. 'ಐಸ್ ಮೇಡಂ' ಎನ್ನುವುದನ್ನು ಎಲ್ಲರೂ ತಾವಾಗಿಯೇ ನಿಲ್ಲಿಸಿದರು, ಅದು ತಮಾಷೆ ಮಾಡಿದ್ದಕ್ಕಿಂತ ಕೆಟ್ಟದಾಗಿತ್ತು. ಕೆಲವು ವರ್ಷಗಳಲ್ಲಿ ಕಾರ್ಡುಗಳ ಕಾಲವೇ ಮುಗಿದು ಸೆಂಟರ್ ಮುಚ್ಚಿತು. ನಾನು ಮದುವೆಯಾಗಿ ಬಿಟಿಎಂ ಲೇಔಟಿಗೆ ಬಂದೆ. ಅಕ್ಕ ಬನಶಂಕರಿಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸಲು ಸೇರಿದಳು. ಅವಳು ಮದುವೆಯಾಗಲಿಲ್ಲ. ಅದಕ್ಕೆ ಬೇರೆ ಕಾರಣಗಳಿದ್ದವು, ಅದನ್ನೂ ನನ್ನ ತಲೆಗೆ ಕಟ್ಟಿಕೊಳ್ಳುವುದಿಲ್ಲ. ಕಟ್ಟಿಕೊಂಡರೆ ಅದೊಂದು ದೊಡ್ಡಸ್ತಿಕೆಯಾದೀತು.

ಮೂತ್ರಪಿಂಡದ ಕಾಯಿಲೆ ಎಂದು ಗೊತ್ತಾದಾಗ ಬಹಳ ತಡವಾಗಿತ್ತು. ಆಸ್ಪತ್ರೆಯಲ್ಲಿ ನಾನು ದಿನವೂ ಮಧ್ಯಾಹ್ನ ಅವಳ ಹತ್ತಿರ ಕೂರುತ್ತಿದ್ದೆ. ಒಂದು ದಿನ ಧೈರ್ಯ ಮಾಡಿ, "ಅಕ್ಕ, ಅವತ್ತು ಆ ಹಿಮದ ಬ್ಯಾಚು..." ಎಂದೆ.

"ಮೊದಲು ಕಿತ್ತಳೆ ಸುಲಿ" ಎಂದಳು.

ಸುಲಿದೆ. ನಾರು ತೆಗೆದು ಒಂದೊಂದೇ ತೊಳೆ ಕೊಟ್ಟೆ. ಅವಳಿಗೆ ಎರಡೇ ತೊಳೆ ತಿನ್ನಲು ಡಾಕ್ಟರು ಬಿಟ್ಟಿದ್ದರು. ಉಳಿದದ್ದನ್ನು ನನಗೆ ತಿನ್ನು ಎಂದಳು. ನಾನು ತಿಂದೆ. ಆ ಮಾತು ಅಲ್ಲಿಗೇ ನಿಂತಿತು. ಕೇಳಿಸಿಕೊಳ್ಳಲು ಅವಳಿಗೆ ಇಷ್ಟವಿರಲಿಲ್ಲವೋ, ಹೇಳುವ ಕಷ್ಟದಿಂದ ನನ್ನನ್ನು ಮತ್ತೊಮ್ಮೆ ಪಾರುಮಾಡಿದಳೋ ಗೊತ್ತಿಲ್ಲ. ಹನ್ನೊಂದು ದಿನಕ್ಕೆ ಹೋಗಿಬಿಟ್ಟಳು.

ಅವಳು ಹೋಗಿ ನಾಲ್ಕು ತಿಂಗಳಾದ ಮೇಲೆ ನಾನು ಆ ಸಂಸ್ಥೆಗೆ ಹೋದೆ. ಅವಳ ಹೆಸರಿನ ಮೇಲಿದ್ದ ಕಪ್ಪನ್ನು ತೆಗೆಸಬೇಕು, ಅಷ್ಟೇ ಮನಸ್ಸಿನಲ್ಲಿದ್ದದ್ದು. ಗೇಟಿನಲ್ಲಿ ಹೆಸರು ಬರೆಸಿ ಬಹಳ ಹೊತ್ತು ಕಾದ ಮೇಲೆ ಒಳಗೆ ಬಿಟ್ಟರು. ವಿಜ್ಞಾನಿಗಳ ಗಡ್ಡ ಅಲ್ಲಲ್ಲಿ ಬೆಳ್ಳಗಾಗಿತ್ತು. ಅಕ್ಕ ತೀರಿಕೊಂಡಳು ಎಂದಾಗ ಅವರು ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕೂತರು.

"ಆಮೇಲೂ ನಾನು ಅವರಿಗೆ ಮೂರು ಸಲ ಹೇಳಿ ಕಳಿಸಿದ್ದೆ, ಗೊತ್ತಾ ನಿಮಗೆ?"

ನನಗೆ ಗೊತ್ತಿರಲಿಲ್ಲ.

"ಅಂದ್ರೆ ಏನಪ್ಪಾ ಅಂದ್ರೆ, ತಪ್ಪು ಯಾರಾದ್ರೂ ಮಾಡ್ತಾರೆ. ಅದು ವೆರಿಫೈ ದಾಟಿ ಹೆಂಗೆ ಬಂತು ಅಂತ ಗೊತ್ತಾಗ್ದೆ ಉಳಿದ ಕಾರ್ಡುಗಳನ್ನ ನಂಬೋದು ಹೆಂಗೆ? ಅದನ್ನೊಂದು ಬರೆದು ಕೊಡಿ, ಪೋಸ್ಟು ಇನ್ನೂ ಖಾಲಿ ಇದೆ, ಬನ್ನಿ ಅಂದೆ. ಒಂದು ಸಲ ಬಂದಿದ್ರು. ಇದೇ ಕುರ್ಚಿ. 'ಬಾಯಲ್ಲಿ ಹೇಳಿದ್ದೇ ಆಯ್ತು ಸಾರ್, ಬರೆದು ಮಾತ್ರ ಕೊಡಲ್ಲ' ಅಂದ್ರು. ಯಾಕೆ ಅಂದ್ರೆ ಸುಮ್ನೆ ಕೂತಿದ್ರು."

ಬಾಯಲ್ಲಿ ಸುಳ್ಳು ಹೇಳಿದವಳು ಕಾಗದದ ಮೇಲೆ ಹೇಳಲಾರದೆ ಹೋದಳು. ನಿಜ ಬರೆದರೆ ನಾನು ಸಿಕ್ಕಿಬೀಳುತ್ತೇನೆ. ಸುಳ್ಳು ಬರೆದರೆ ಅವರು ಆ ಸುಳ್ಳನ್ನು ನಂಬಿ ಹಿಮ ಅಳೆಯುತ್ತಾರೆ. ನಾನು ಎಲ್ಲವನ್ನೂ ಹೇಳಿದೆ. ಕೆಂಪು ದೀಪ, ಕನ್ನಡಿ ಹೊಡೆಯುವುದು, ಐದನೆಯ ಕಾರ್ಡಿಗೆ ಗೊತ್ತಾದದ್ದು, ಗೊತ್ತಾದ ಮೇಲೂ ಒತ್ತಿದ್ದು, ಯಾಕೆ ಒತ್ತಿದೆ ಎನ್ನುವುದು, ಎಲ್ಲ.

ಅವರಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದಿಟ್ಟು ಒಂದೇ ಪ್ರಶ್ನೆ ಕೇಳಿದರು.

"ಈ ಬ್ಯಾಚು ಬಿಟ್ಟು ಬೇರೆ ಬ್ಯಾಚಲ್ಲೂ ಹಂಗೆ ಮಾಡಿದ್ರಾ? ದೀಪ ಹತ್ತಿದಾಗ ಕಾರ್ಡು ನೋಡಿ ಒತ್ತೋದು?"

ಇಲ್ಲ ಎನ್ನಬಹುದಿತ್ತು. ಅಂದಿದ್ದರೆ ಅಕ್ಕನ ಉಳಿದ ಕಾರ್ಡುಗಳೆಲ್ಲ ಅವತ್ತೇ ಶುದ್ಧವಾಗುತ್ತಿದ್ದವು. ಹಾಳಾದದ್ದು ಒಂದೇ ಹಾಳೆ, ಅದನ್ನು ಅವರು ಎಂದೋ ತಿದ್ದಿಕೊಂಡಿದ್ದರು. ನಾನು ಬಂದಿದ್ದೂ ಅದಕ್ಕೇ ಅಲ್ಲವೇ?

"ಮಾಡಿದೀನಿ ಸಾರ್" ಎಂದೆ. "ಎಲ್ಲದರಲ್ಲೂ. ಅಲ್ಲೊಂದು ಇಲ್ಲೊಂದು. ಅವಳು ತಪ್ಪು ಮಾಡಲ್ಲ ಅಂತ."

"ಹಾಗಾದ್ರೆ ಅಷ್ಟೂ ಅನುಮಾನಾನೇ."

ಅವರು ಎದ್ದು ಪಕ್ಕದ ಕೋಣೆಯ ಬಾಗಿಲು ತೆರೆದು ತೋರಿಸಿದರು. ಅಕ್ಕ ಹೊಡೆದ ಕಾರ್ಡುಗಳ ಪೆಟ್ಟಿಗೆಗಳು ಗೋಡೆಯ ಉದ್ದಕ್ಕೂ ಇದ್ದವು, ಮೂಲದ ಹಾಳೆಗಳು ಮೇಲೆ ಕಟ್ಟು ಕಟ್ಟಾಗಿ. ಈಗ ಹೊಸದೊಂದು ಉಪಗ್ರಹ ಅದೇ ಹಿಮದ ಮೇಲೆ ಹಾಯುತ್ತಿದೆಯಂತೆ. ಆಗಿನ ಎತ್ತರ ಸರಿಯಾಗಿ ತಿಳಿದರೆ ಈಗಿನದರ ಜೊತೆ ಇಟ್ಟು ನೋಡಬಹುದು. ಇಷ್ಟು ವರ್ಷಗಳ ವ್ಯತ್ಯಾಸ ಎಂದರೆ ದೊಡ್ಡ ಮಾತಂತೆ. "ಇವನ್ನ ನಂಬೋಕಾಗ್ದೆ ಸುಮ್ನೆ ಇಟ್ಕೊಂಡು ಕೂತಿದೀನಿ" ಎಂದರು. ಅಕ್ಕನ ಒಂದೂವರೆ ವರ್ಷದ ಕೆಲಸ ಆ ಕೋಣೆಯಲ್ಲಿ ಯಾರಿಗೂ ಬೇಡವಾಗಿ ಬಿದ್ದಿತ್ತು. ಅವಳಿಗೆ ಬರಬೇಕಿದ್ದ ಪೋಸ್ಟೊಂದೇ ಹೋಯಿತು ಎಂದುಕೊಂಡಿದ್ದೆ. ಅವಳು ಅಷ್ಟು ಇಷ್ಟಪಟ್ಟು ಮಾಡಿದ ಅಳತೆಯನ್ನೂ ನಾನು ಕೆಡಿಸಿದ್ದೆ.

"ನಾನು ಬಂದು ಹಾಳೆ ಜೊತೆ ತಾಳೆ ನೋಡ್ತೀನಿ ಸಾರ್. ಒಂದೂ ಬಿಡದೆ."

"ನೀವಾ?" ಎಂದರು. ಆಮೇಲೆ, ನೋಯಿಸಬೇಕೆಂದಲ್ಲ, ಲೆಕ್ಕದವರ ರೀತಿಯಲ್ಲಿ ಕೇಳಿದರು, "ನೀವು ತಾಳೆ ನೋಡಿದ್ದನ್ನ ನಾನು ಹೆಂಗೆ ನಂಬ್ಲಿ?"

ಬಾಗಿಲ ಬಳಿ ನಿಂತೇ ಇದ್ದೆ. ಕೊನೆಗೆ ಅವರೇ ಒಂದು ದಾರಿ ಮಾಡಿದರು. ಅವರ ಕಚೇರಿಯಲ್ಲಿ ನಿವೃತ್ತಿಗೆ ಹತ್ತಿರವಾಗಿದ್ದ ಗುಮಾಸ್ತೆಯೊಬ್ಬರಿದ್ದರು. ಹಾಳೆಗಳು ಅವರ ಮುಂದೆ ಇರಬೇಕು. ನಾನು ಕಾರ್ಡಿನ ಮೇಲಂಚನ್ನು ನೋಡಿ ಗಟ್ಟಿಯಾಗಿ ಓದಬೇಕು. ಟಿಕ್ ಹಾಕುವವರು ಅವರು, ನಾನಲ್ಲ. ಹಾಳೆಯನ್ನು ನಾನು ಮುಟ್ಟುವಂತಿಲ್ಲ. ಒಪ್ಪಿದೆ.

ಈಗ ಆರು ತಿಂಗಳಿಂದ ಶನಿವಾರ ಶನಿವಾರ ಹೋಗುತ್ತಿದ್ದೇನೆ. ಗುಮಾಸ್ತೆ ಮೇಡಂಗೆ ನಾನು ಯಾರು, ಯಾಕೆ ಬರುತ್ತೇನೆ ಎಂದು ವಿಜ್ಞಾನಿಗಳು ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಮೊದಲ ಎರಡು ವಾರ ಒಂದೂ ತಪ್ಪು ಸಿಗಲಿಲ್ಲ. ಮೂರನೆಯ ವಾರ ಒಂಬತ್ತು ಇರಬೇಕಾದಲ್ಲಿ ಆರು ಸಿಕ್ಕಿತು. ಆಮೇಲೆ ಬೇರೆ ಪೆಟ್ಟಿಗೆಯಲ್ಲಿ ಇನ್ನೆರಡು. ಆ ಕಾರ್ಡುಗಳಿಗೂ ಬಲ ಅಂಚಿನಲ್ಲಿ ಕಚ್ಚು ಇದೆ. ಅಂದರೆ ದೀಪ ಹತ್ತಿತ್ತು, ನಾನು ಬಗ್ಗಿ ನೋಡಿ ಒತ್ತಿದ್ದೆ. ಸರಿಯಿರುವ ಸಾವಿರಾರು ಕಾರ್ಡುಗಳಲ್ಲಿ ನನ್ನ ಪಾಲು ಏನೂ ಇಲ್ಲ, ನಾನು ಇಲ್ಲದಿದ್ದರೂ ಅವು ಸರಿಯೇ ಇರುತ್ತಿದ್ದವು. ವೆರಿಫೈಯರ್ ಮುಂದೆ ನಾನು ಕೂತಿದ್ದದ್ದೇ ಆ ಮೂರನ್ನು ಹಿಡಿಯಲು.

ಕಳೆದ ಶನಿವಾರ ಊಟವಾದ ಮೇಲೆ ಗುಮಾಸ್ತೆ ಮೇಡಂ ಆಕಳಿಸಿ ಪೆನ್ಸಿಲ್ ಕೆಳಗಿಟ್ಟರು.

"ಯಾರ್ರೀ ಇದನ್ನ ಹೊಡೆದಿರೋರು? ನನ್ನ ಸರ್ವೀಸಲ್ಲಿ ಇಂಥ ಕೈ ನೋಡಿಲ್ಲ. ಒಂದು ಪುಟಕ್ಕೆ ಒಂದಾದ್ರೂ ತಪ್ಪಿದ್ರೆ ಹಿಂಗೆ ನಿದ್ದೆ ಬರ್ತಿರ್ಲಿಲ್ಲ ನೋಡಿ. ನಿಮಗೆ ಗೊತ್ತಿದ್ದೋರಾ?"

"ನಮ್ಮಕ್ಕ" ಎಂದೆ.

"ಹೌದಾ! ಎಲ್ಲಿದಾರೆ ಈಗ?"

"ತೀರಿಕೊಂಡ್ರು."

"ಅಯ್ಯೋ ಪಾಪ." ಸಿಕ್ಕಿದ ತಪ್ಪುಗಳನ್ನು ಬರೆದಿಟ್ಟ ಪಟ್ಟಿಯ ಕಡೆ ನೋಡುತ್ತಾ ಕೇಳಿದರು, "ಮತ್ತೆ ಈ ಮೂರನ್ನ ಪಾಸ್ ಮಾಡಿದ ಮಹಾತಾಯಿ ಯಾರೋ?"

"ನಾನೇ" ಎಂದೆ.

ಅವರು ನನ್ನ ಮುಖವನ್ನು ನೋಡಿದರು. ತಮಾಷೆ ಅಲ್ಲ ಎಂದು ಅವರಿಗೆ ತಿಳಿಯಿತು. ಅವರು ಪೆನ್ಸಿಲ್ ಎತ್ತಿಕೊಂಡು ಹಾಳೆಯನ್ನು ತಮ್ಮ ಕಡೆಗೆ ಇನ್ನಷ್ಟು ಎಳೆದುಕೊಂಡರು.

"ಓದಿ" ಎಂದರು. "ನಿಧಾನವಾಗಿ ಓದಿ."